ಪಿಎಚ್‌ಡಿಗೆ ಪಲ್ಲಾಡಿಯಂ ಬಿಟ್ಟು ಕಬ್ಬಿಣದ ಕ್ರಿಯಾವರ್ಧಕವನ್ನು ಆರಿಸಿಕೊಳ್ಳಬಹುದೇ?

ಪಲ್ಲಾಡಿಯಂ ದುಬಾರಿ, ಅದನ್ನು ಬಳಸಿ ಇಂಗಾಲದ ಪರಮಾಣುಗಳನ್ನು ಜೋಡಿಸುವ ಕ್ರಿಯೆಗಳಿಗಾಗಿ 2010ರಲ್ಲಿ ಹೆಕ್, ನೆಗಿಶಿ, ಸುಜುಕಿ ಅವರಿಗೆ ನೊಬೆಲ್ ಬಂದ ಮೇಲೆ ಅಲ್ಲಿ ಹೊಸದೇನೂ ಉಳಿದಿಲ್ಲ, ಕಬ್ಬಿಣ ಅಗ್ಗ ಎಂದು ಮೇಲಿನ ಪ್ರಶ್ನೆಯ ಜೊತೆ ನೀವು ಕೊಟ್ಟಿರುವ ಕಾರಣಗಳನ್ನೇ ನಾನೂ ನನ್ನ ಸಂಶೋಧನಾ ಪ್ರಸ್ತಾವದಲ್ಲಿ ಬರೆದಿದ್ದೆ.

ನಾನು ಕೈಗೆತ್ತಿಕೊಂಡದ್ದು ಆರೈಲ್ ಅಯೋಡೈಡಿಗೆ (ಬೆಂಜೀನಿನಂಥ ಉಂಗುರಕ್ಕೆ ಅಯೋಡಿನ್ ಅಂಟಿರುವ ಸಂಯುಕ್ತ) ಸಾರಜನಕವನ್ನು ಜೋಡಿಸುವ ಕ್ರಿಯೆ. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ, ಡೈಅಮೈನ್ ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಂಡು ಅದರ ವರ್ತನೆಯನ್ನು ಬದಲಿಸುವ ಅಣು) ಮತ್ತು ಪ್ರತ್ಯಾಮ್ಲವನ್ನು ಟಾಲುಯಿನ್‌ನಲ್ಲಿ ರಾತ್ರಿಯಿಡೀ ಕಾಯಿಸುತ್ತಿದ್ದೆ. ಬೆಳಿಗ್ಗೆ, ಮಿಶ್ರಣದ ಘಟಕಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದಡಿ ಹಿಡಿದರೆ ಅಯೋಡೈಡಿನ ಚುಕ್ಕೆ ಪೂರ್ತಿ ಮಾಯವಾಗಿ, ಕೆಳಗೆ ಹೊಸ ಚುಕ್ಕೆಯೊಂದು ದಟ್ಟವಾಗಿ ಕಾಣುತ್ತಿತ್ತು. ಇಳುವರಿ ಚೆನ್ನಾಗಿತ್ತು, ಹತ್ತಾರು ಸಂಯುಕ್ತಗಳ ಪಟ್ಟಿಯೂ ಸಿದ್ಧವಾಯಿತು.

ಇನ್ನು ತಪ್ಪಿನ ವಿಷಯ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮೇಲ್ನೋಟಕ್ಕೆ ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಫೆರಿಕ್ ಕ್ಲೋರೈಡ್ ಹಾಕದೆಯೂ ಪ್ರಯೋಗ ಮಾಡಿದ್ದೆ, ಕ್ರಿಯೆ ನಡೆಯಲಿಲ್ಲ. ಆದ್ದರಿಂದ ಕ್ರಿಯಾವರ್ಧಕ ಕಬ್ಬಿಣವೇ ಎಂದು ತೀರ್ಮಾನಿಸಿದೆ. ಆದರೆ ಆ ಪ್ರಯೋಗದಲ್ಲಿ ನಾನು ಕೈಬಿಟ್ಟದ್ದು ಕಬ್ಬಿಣವನ್ನಷ್ಟೇ ಅಲ್ಲ, ಆ ಬಾಟಲಿಯಲ್ಲಿ ಅದರೊಂದಿಗೆ ಇದ್ದ ಎಲ್ಲವನ್ನೂ. ಲೇಬಲ್ಲಿನ ಮೇಲೆ ಶೇಕಡಾ 98 ಶುದ್ಧ ಎಂದಿತ್ತು. ಉಳಿದ ಎರಡರಲ್ಲಿ ಏನಿದೆ ಎಂದು ನಾನು ಕೇಳಲೇ ಇಲ್ಲ. ಸಾರಜನಕದ ಜೋಡಣೆಯಲ್ಲಿ ಡೈಅಮೈನ್ ಲಿಗ್ಯಾಂಡ್ ಸಿಕ್ಕರೆ ತಾಮ್ರ ಎಷ್ಟು ಚುರುಕಾಗುತ್ತದೆ ಎಂಬುದು ಆ ಹೊತ್ತಿಗೆ ಎಲ್ಲರಿಗೂ ತಿಳಿದ ಸಂಗತಿ. ಅಂದರೆ ತಾಮ್ರಕ್ಕೆ ಹೇಳಿ ಮಾಡಿಸಿದ ಲಿಗ್ಯಾಂಡನ್ನು ಹಾಕಿ, ಕೀರ್ತಿಯನ್ನು ಕಬ್ಬಿಣಕ್ಕೆ ಕೊಡುತ್ತಿದ್ದೆ.

ಬಾಟಲಿ ಮುಗಿದು, ಶೇಕಡಾ 99.99 ಶುದ್ಧತೆಯ ಹೊಸ ಫೆರಿಕ್ ಕ್ಲೋರೈಡ್ ಬಂದ ದಿನದಿಂದ ಇಳುವರಿ ನೆಲ ಕಚ್ಚಿತು. ತೇವಾಂಶವನ್ನು ದೂರಿದೆ, ಆಮ್ಲಜನಕವನ್ನು ದೂರಿದೆ, ದ್ರಾವಕವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದೆ. ಕೊನೆಗೆ ಕೆಲವೇ ಪಿಪಿಎಂನಷ್ಟು (ಹತ್ತು ಲಕ್ಷದಲ್ಲಿ ಕೆಲವೇ ಪಾಲು) ತಾಮ್ರದ ಆಕ್ಸೈಡನ್ನು ಬೆರೆಸಿದಾಗ ಹಳೆಯ ಇಳುವರಿ ಮರಳಿತು. ಪ್ರಬಂಧದ ಇಡೀ ಅಧ್ಯಾಯವೊಂದನ್ನು ಕೈಬಿಡಬೇಕಾಯಿತು. ಇಂಥ ಕ್ರಿಯೆಗಳಲ್ಲಿ ಫೆರಿಕ್ ಕ್ಲೋರೈಡಿನೊಳಗಿನ ಅತ್ಯಲ್ಪ ತಾಮ್ರವೇ ಕೆಲಸ ಮಾಡುತ್ತಿರಬಹುದು ಎಂದು ರಸಾಯನಶಾಸ್ತ್ರಜ್ಞರಾದ ಬುಖ್ವಾಲ್ಡ್ ಮತ್ತು ಬೋಲ್ಮ್ 2009ರಲ್ಲೇ ಪ್ರಕಟಿಸಿದ್ದರು. ಅದನ್ನು ನಾನು ಓದಿಯೂ ಇದ್ದೆ. ನನ್ನ ಬಾಟಲಿಗೂ ಅದು ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಇದು ನನ್ನೊಬ್ಬನಿಗೇ ಆದದ್ದಲ್ಲ. ಲೋಹವೇ ಬೇಕಿಲ್ಲವೆಂದು 2003ರಲ್ಲಿ ವರದಿಯಾದ ಸುಜುಕಿ ಕ್ರಿಯೆಯೊಂದರಲ್ಲಿ (ಸಾಮಾನ್ಯವಾಗಿ ಪಲ್ಲಾಡಿಯಂ ಬಳಸಿ ನಡೆಸುವ ಇಂಗಾಲ-ಇಂಗಾಲ ಜೋಡಣೆ), ಸೋಡಿಯಂ ಕಾರ್ಬೊನೇಟಿನಲ್ಲಿದ್ದ ಸುಮಾರು 50 ಪಿಪಿಬಿ (ನೂರು ಕೋಟಿಯಲ್ಲಿ 50 ಪಾಲು) ಪಲ್ಲಾಡಿಯಂ ಕಾರಣವಿರಬಹುದೆಂದು ಎರಡು ವರ್ಷಗಳ ನಂತರ ಅದೇ ತಂಡ ಪ್ರಾಮಾಣಿಕವಾಗಿ ತಿಳಿಸಿತು. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಆದ್ದರಿಂದ, ಯಾವ ಲೋಹ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಲೋಹ ಕೆಲಸ ಮಾಡುತ್ತಿದೆ ಎಂಬುದನ್ನು ಹೇಗೆ ಸಾಬೀತುಪಡಿಸುತ್ತೀರಿ ಎಂಬುದು ಮೊದಲು ಬರಬೇಕಾದ ಪ್ರಶ್ನೆ. ಕಬ್ಬಿಣ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಗ್ರಿನ್ಯಾರ್ ಕಾರಕಗಳನ್ನು (ಇಂಗಾಲಕ್ಕೆ ಮೆಗ್ನೀಸಿಯಂ ಅಂಟಿರುವ ಸಂಯುಕ್ತಗಳು) ಅದು ಜೋಡಿಸುತ್ತದೆ ಎಂಬುದನ್ನು ರಸಾಯನಶಾಸ್ತ್ರಜ್ಞ ಕೋಚಿ 1971ರಲ್ಲೇ ತೋರಿಸಿದ್ದರು. ಆದರೆ ಅಗ್ಗ ಎಂಬ ಕಾರಣವನ್ನು ಬಿಟ್ಟುಬಿಡಿ. ಲ್ಯಾಬಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೆಲಸ ಮಾಡುವಾಗ ಎಷ್ಟೋ ಸಲ ಲೋಹಕ್ಕಿಂತ ಲಿಗ್ಯಾಂಡೇ ದುಬಾರಿಯಾಗಿರುತ್ತದೆ.

ನಿಮ್ಮ ಲ್ಯಾಬಿಗೆ, ಅತ್ಯಲ್ಪ ಪ್ರಮಾಣದ ಲೋಹಗಳನ್ನೂ ಅಳೆಯುವ ಐಸಿಪಿ-ಎಂಎಸ್ ಉಪಕರಣದ ಸೌಲಭ್ಯವಿಲ್ಲದಿದ್ದರೆ ಕಬ್ಬಿಣದ ಗೊಡವೆಗೆ ಹೋಗಬೇಡಿ. ಇದ್ದರೆ, ಸಂಯುಕ್ತಗಳ ಪಟ್ಟಿಯನ್ನು ಬೆಳೆಸುವ ಮೊದಲೇ ಬೇರೆ ಬೇರೆ ಮೂಲದ, ಬೇರೆ ಬೇರೆ ಶುದ್ಧತೆಯ ಲವಣಗಳಿಂದ ಅದೇ ಕ್ರಿಯೆಯನ್ನು ನಡೆಸಿ ನೋಡಿ. ಕಬ್ಬಿಣವಿಲ್ಲದೆ, ಪಿಪಿಎಂ ಮಟ್ಟದ ತಾಮ್ರ, ನಿಕ್ಕೆಲ್, ಪಲ್ಲಾಡಿಯಂಗಳನ್ನು ಒಂದೊಂದಾಗಿ ಹಾಕಿಯೂ ನೋಡಿ. ಪಲ್ಲಾಡಿಯಂ ಕ್ರಿಯೆಗಳಲ್ಲಿ ದ್ರಾವಣವನ್ನು ಕಲಕಲು ಬಳಸಿದ ಬಿಳಿಯ ಸ್ಟಿರ್ ಬಾರ್ (ಕಾಂತದ ಕಡ್ಡಿ) ಬೂದು ಬಣ್ಣಕ್ಕೆ ತಿರುಗಿರುತ್ತದೆ; ಆ ಕಲೆ ಲೋಹದ್ದೇ, ಎಷ್ಟು ತೊಳೆದರೂ ಅದು ಪೂರ್ತಿ ಹೋಗುತ್ತದೆ ಎಂಬ ಖಾತರಿಯಿಲ್ಲ. ಕಬ್ಬಿಣದ ಕೆಲಸಕ್ಕೆ ಹೊಸ ಸ್ಟಿರ್ ಬಾರ್‌ಗಳನ್ನೂ ಹೊಸ ಫ್ಲಾಸ್ಕ್‌ಗಳನ್ನೂ ಪ್ರತ್ಯೇಕವಾಗಿ ತೆಗೆದಿಟ್ಟು, ಬೇರೆಯವರು ಬಳಸದಂತೆ ಹೆಸರು ಬರೆದಿಡಿ.