ಹೊಗೆಸೊಪ್ಪು ಮುರಿದ ದಿನ ರಾತ್ರಿ ವಾಂತಿ: ಇದು ಪಿತ್ತವಾ?

ಪ್ರಶ್ನೆ: ಡಾಕ್ಟ್ರೇ, ನಾವು ಪಿರಿಯಾಪಟ್ಟಣದ ಕಡೆಯವರು. ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿಯಲು ಕೂಲಿಗೆ ಹೋಗುತ್ತೇನೆ. ಸಂಜೆಗೆ ತಲೆ ಸುತ್ತು, ರಾತ್ರಿ ವಾಂತಿ. ಮಾರನೇ ದಿನ ಏಳೋಕೇ ಆಗಲ್ಲ. ಮನೆಯಲ್ಲಿ ಪಿತ್ತ ಅಂತಾರೆ. ನಮ್ಮ ಯಜಮಾನರೂ ಅದೇ ಕೆಲಸ ಮಾಡುತ್ತಾರೆ, ಬೀಡಿ ಸೇದಿಕೊಂಡು ಆರಾಮಾಗಿದ್ದಾರೆ. ನನಗೆ ಮಾತ್ರ ಯಾಕೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ನೋಡಿ. ಬೀಡಿಯಲ್ಲಿರುವ ನಿಕೋಟಿನ್ ಎಂಬ ವಿಷ ಹಸಿ ಸೊಪ್ಪಿನಲ್ಲೂ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ. ಇಬ್ಬನಿ, ಮಳೆ, ಬೆವರು, ಯಾವುದರಿಂದ ಒದ್ದೆಯಾದರೂ ಸರಿ, ಚರ್ಮದ ಮೂಲಕ ಒಳಗೆ ಹೋಗುತ್ತದೆ. ತಲೆ ಸುತ್ತು, ವಾಂತಿ ಅದರಿಂದಲೇ, ಪಿತ್ತದಿಂದಲ್ಲ. ಯಜಮಾನರ ಮೈ ದಿನಾ ಬೀಡಿಯಿಂದ ಅದಕ್ಕೆ ಒಗ್ಗಿಹೋಗಿದೆ, ನಿಮ್ಮದು ಒಗ್ಗಿಲ್ಲ. ಹಾಗಂತ ಬೀಡಿ ಒಳ್ಳೆಯದು ಅಂತಲ್ಲ, ಅವರಿಗೂ ಹೇಳಿ!

ತೊಂದರೆ ಗದ್ದಲವಿಲ್ಲದೆ ಬರುತ್ತದೆ. ಕೆಲಸದ ಹೊತ್ತಿನಲ್ಲಿ ಏನೂ ಅನಿಸದೆ ಎಷ್ಟೋ ಗಂಟೆ ಕಳೆದ ಮೇಲೆ ಶುರುವಾಗಬಹುದು. ಅದಕ್ಕೇ ಮಧ್ಯಾಹ್ನದ ಊಟದ ಮೇಲೆ, ಪಿತ್ತದ ಮೇಲೆ ತಪ್ಪು ಹೊರಿಸುತ್ತೇವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮತ್ತೆ ಒದ್ದೆ ಸೊಪ್ಪು ಮುಟ್ಟಿದರೆ ಮತ್ತೆ ಬರುತ್ತದೆ.

ಮುರಿದ ಎಲೆಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತೀರಾ? ರವಿಕೆ ತೊಯ್ದು ಸಂಜೆವರೆಗೂ ಮೈಗೆ ಅಂಟಿರುತ್ತದೆ, ಅಲ್ವಾ? ಕೈಗಿಂತ ಅಲ್ಲೇ ಜಾಸ್ತಿ ಹೀರಿಕೊಳ್ಳುವುದು. ಇಬ್ಬನಿ ಆರಿದ ಮೇಲೆ ಸೊಪ್ಪಿಗೆ ಇಳಿಯಿರಿ. ಮೈಗೆ ಪ್ಲಾಸ್ಟಿಕ್ ಹೊದಿಕೆ ಅಥವಾ ರೇನ್‌ಕೋಟ್, ಕೈಗೆ ರಬ್ಬರ್ ಗ್ಲೌಸ್ ಹಾಕಿ. ಬಟ್ಟೆಯ ಗ್ಲೌಸ್ ಬೇಡ, ನೆನೆದರೆ ರಸವನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಒಂದು ಜೊತೆ ಬಟ್ಟೆ ಒಯ್ದು, ತೊಯ್ದ ತಕ್ಷಣ ಬದಲಿಸಿ. ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಕೈಗೆ ಕಪ್ಪಗೆ ಅಂಟಿದ ಆ ಮೇಣ ಬರೀ ನೀರಿಗೆ ಹೋಗುವುದಿಲ್ಲ. ಮನೆಗೆ ಬಂದೊಡನೆ ಸ್ನಾನ ಮಾಡಿ. ಗ್ಲೌಸಿನ ಖರ್ಚು ತೋಟದವರದ್ದು ಎಂಬುದು ನನ್ನ ಅಭಿಪ್ರಾಯ, ನಾಚಿಕೊಳ್ಳದೆ ಕೇಳಿ.

ಗರ್ಭಿಣಿಯರು ಈ ಕೆಲಸಕ್ಕೆ ಹೋಗಲೇಬಾರದು.

ವಾಂತಿ ಶುರುವಾದರೆ ಬಟ್ಟೆ ಬದಲಿಸಿ, ಮೈ ತೊಳೆದು, ಸ್ವಲ್ಪ ಸ್ವಲ್ಪವೇ ನೀರು ಕುಡಿಯುತ್ತಾ ಮಲಗಿ. ವಾಂತಿ ನಿಲ್ಲದಿದ್ದರೆ, ಉಸಿರಾಡಲು ಕಷ್ಟವಾದರೆ, ಪ್ರಜ್ಞೆ ತಪ್ಪುವಂತಾದರೆ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿ ‘ಹೊಟ್ಟೆ ಕೆಟ್ಟಿದೆ’ ಅಂತ ಸುಮ್ನೆ ಹೇಳಬೇಡಿ. ‘ಇವತ್ತು ಹಸಿ ಹೊಗೆಸೊಪ್ಪು ಮುರಿದೆ’ ಎನ್ನಿ. ಔಷಧಿ ಹೊಡೆದ ಹೊಲವಾಗಿದ್ದರೆ ಅದನ್ನೂ ಹೇಳಿ, ಡಬ್ಬಿ ಸಿಕ್ಕರೆ ತೋರಿಸಿ. ಕೀಟನಾಶಕದ ವಿಷವೂ ಮೇಲ್ನೋಟಕ್ಕೆ ಹೀಗೇ ಕಾಣುತ್ತದೆ, ಚಿಕಿತ್ಸೆ ಮಾತ್ರ ಬೇರೆ.