ಹೆಸರು ಕೆತ್ತಿದ ಶಿಲ್ಪಿಗಳು ನಮ್ಮಲ್ಲೂ ಇದ್ದರು

ಮೈಕೆಲೆಂಜೆಲೊ ಹೆಸರು ಎಲ್ಲರಿಗೂ ಗೊತ್ತು, ನಮ್ಮ ಶಿಲ್ಪಿಗಳು ಯಾಕೆ ಹೆಸರೇ ಬಿಟ್ಟು ಹೋಗಲಿಲ್ಲ ಅಂತ ಕೇಳಿದ್ದೀರಿ. ಬಿಟ್ಟು ಹೋಗಿದ್ದಾರೆ ಸರ್, ನಾವು ಓದಿಲ್ಲ ಅಷ್ಟೇ. ನೀವು ಶಿವಮೊಗ್ಗದವರು ಅಂದಿರಲ್ಲ, ಹಾಗಾದರೆ ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ.

ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. 1117ರ ಬೇಲೂರು ಚೆನ್ನಕೇಶವ ಗುಡಿಯ ಮದನಿಕೆಯರಲ್ಲಿ, ಅಂದರೆ ಸೂರಿನ ಕೆಳಗಿನ ಸುಂದರಿಯರ ಶಿಲ್ಪಗಳಲ್ಲಿ, ಕೆಲವನ್ನು ಕೆತ್ತಿದವರು ಇವರೇ. ಮದನಿಕೆಯ ಕಾಲ ಕೆಳಗಿನ ಪೀಠ ನೋಡಿ, ಹಳಗನ್ನಡದಲ್ಲಿ ಹೆಸರು ಕೆತ್ತಿದ್ದಾರೆ. ತುಂಬಾ ಎತ್ತರದಲ್ಲಿದೆ, ಬೈನಾಕ್ಯುಲರ್ ಒಯ್ಯಿರಿ. ಮೊದಲ ಸಲ ಆ ಅಕ್ಷರ ಕಣ್ಣಿಗೆ ಬಿದ್ದಾಗ ನನಗೆ ಮೈ ಜುಮ್ಮೆಂದಿತ್ತು. ಪಕ್ಕದೂರಿನ ಮನುಷ್ಯ ಅಲ್ವಾ!

ಅಲ್ಲಿ ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಬಳೆ, ಸರದ ಮಣಿ ಒಂದೊಂದನ್ನೂ ಬಿಡಿಸಿ ಕೆತ್ತಲು ಆಗಿದ್ದು. ಮೈಕೆಲೆಂಜೆಲೊ ಬಳಸಿದ ಅಮೃತಶಿಲೆಯ ದಾರಿಯೇ ಬೇರೆ. ಅವನು ಸಹಿ ಹಾಕಿದ್ದು ಕೂಡ ಒಂದೇ ಶಿಲ್ಪಕ್ಕೆ, ರೋಮ್‌ನ ಪಿಯೆಟಾಕ್ಕೆ, ಸತ್ತ ಯೇಸುವನ್ನು ತಾಯಿ ಮರಿಯ ಮಡಿಲಲ್ಲಿ ಹಿಡಿದ ಶಿಲ್ಪಕ್ಕೆ. ಮರಿಯಳ ಎದೆಯ ಮೇಲಿನ ಪಟ್ಟಿಯಲ್ಲಿ ಅದಿದೆ. ನಮ್ಮ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮನ ಹೆಸರಾದರೆ ಸೋಮನಾಥಪುರದಲ್ಲಿ ಎಷ್ಟೋ ಮೂರ್ತಿಗಳ ಕೆಳಗಿದೆ.

ಬೇಲೂರು ದೂರ ಅನ್ನಿಸಿದರೆ ಮೊದಲು ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿ. 1196ರ ಗುಡಿ, ಮಲ್ಲಿತಮ್ಮ ಅಲ್ಲೂ ಕೆಲಸ ಮಾಡಿದ್ದಾನೆ. ಗೋಡೆಯ ಮೇಲಿನ ರಾಮಾಯಣವನ್ನು ಸುಮ್ನೆ ನೋಡುತ್ತಾ ನಡೆಯಿರಿ. ಬೆಳಿಗ್ಗೆಯೇ ಹೋಗಿ, ಓರೆ ಬಿಸಿಲಿಗೆ ಕೆತ್ತನೆ ಚೆನ್ನಾಗಿ ಕಾಣುತ್ತದೆ.