ದೇವರು ಸಾಕು, ಚರ್ಚ್ ಯಾಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊರೊನಾ ಸಮಯದಲ್ಲಿ ಯೂಟ್ಯೂಬಿನಲ್ಲಿ ಬಲಿಪೂಜೆ ನೋಡುವುದು ರೂಢಿಯಾಯಿತು. ಈಗಲೂ ಭಾನುವಾರ ಮನೆಯಲ್ಲೇ ನೋಡುತ್ತೇನೆ, ಬೈಬಲ್ ಓದುತ್ತೇನೆ, ಜಪಸರ ತಪ್ಪಿಸುವುದಿಲ್ಲ. ಚರ್ಚಿಗೆ ಹೋದರೆ ಬರೀ ಗುಂಪುಗಾರಿಕೆ. ಯೇಸು ಯಾವ ಚರ್ಚನ್ನೂ ಕಟ್ಟಿಸಲಿಲ್ಲವಲ್ಲ? – ಓದುಗರು, ಹಾಸನ

ಉತ್ತರ: ಕಟ್ಟಡ ಕಟ್ಟಿಸಲಿಲ್ಲ, ನಿಜ. ಆದರೆ ಹನ್ನೆರಡು ಮಂದಿಯನ್ನು ಜೊತೆಗೆ ಇಟ್ಟುಕೊಂಡರು. ಅವರಲ್ಲೊಬ್ಬನ ಕೈಯಲ್ಲಿ ಹಣದ ಚೀಲವಿತ್ತು, ಆ ಚೀಲದಿಂದ ಅವನು ಕದಿಯುತ್ತಿದ್ದ ಎಂದು ಯೋಹಾನನ ಸುವಾರ್ತೆ (12:6) ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲೂ ಜಗಳವಾಯಿತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತು. ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದರೆ ಪ್ರೇಷಿತರು, ‘ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎಂದು ಕೈತೊಳೆದುಕೊಳ್ಳಲಿಲ್ಲ. ಸಭೆಯವರಿಂದಲೇ ಏಳು ಜನರನ್ನು ಆರಿಸಿಸಿ ಹಂಚುವ ಕೆಲಸ ವಹಿಸಿದರು (ಪ್ರೇಷಿತರ ಕಾರ್ಯಗಳು, 6ನೇ ಅಧ್ಯಾಯ). ಚರ್ಚಿನಲ್ಲಿ ಸಮಿತಿ ಎಂಬುದು ಹುಟ್ಟಿದ್ದೇ ಹೀಗೆ, ಒಂದು ದೂರಿನಿಂದ.

ನಿಯಮದ ಮಾತಿಗೆ ಬಂದರೆ, ಕಥೋಲಿಕರು ಭಾನುವಾರದ ಪೂಜೆಯಲ್ಲಿ ಖುದ್ದಾಗಿ ಪಾಲ್ಗೊಳ್ಳಬೇಕು (ಚರ್ಚಿನ ಕಾನೂನಿನ ವಿಧಿ, ಅಂದರೆ ಕ್ಯಾನನ್ 1247). ಕಾಯಿಲೆಯವರಿಗೆ, ವೃದ್ಧರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ಕಟ್ಟುಪಾಡಿಲ್ಲ. ಅಂಥವರು ಕೇಳಿದರೆ ಪರಮಪ್ರಸಾದವನ್ನು ಮನೆಗೇ ತಂದುಕೊಡುವ ವ್ಯವಸ್ಥೆ ಇದೆ. ಕೊರೊನಾ ಕಾಲದ ವಿನಾಯಿತಿ ಆ ಕಾಲಕ್ಕೆ ಮಾತ್ರ. ಪ್ರೊಟೆಸ್ಟೆಂಟರಲ್ಲಿ ಇಂಥ ಕಾನೂನು ಇಲ್ಲ, ಅವರು ಇಬ್ರಿಯರಿಗೆ ಬರೆದ ಪತ್ರದ 10:25 ತೋರಿಸುತ್ತಾರೆ: ಸಭೆಯಾಗಿ ಕೂಡುವುದನ್ನು ಬಿಡಬೇಡಿ.

ನಿಮ್ಮ ಆಕ್ಷೇಪ ಹೊಸದೇನಲ್ಲ, ಅದಕ್ಕೆ ನಮ್ಮ ಸೀಮೆಯಲ್ಲೇ ದೊಡ್ಡ ಪರಂಪರೆ ಇದೆ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ಒಂದು ಪುರೋಹಿತಶಾಹಿಯ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕತ್ತು ಕೊಡಲಾರೆ ಎಂದು ಆಂಗ್ಲಿಕನ್ ಸಂನ್ಯಾಸಿನಿಯರ ಜೊತೆ ಪತ್ರದಲ್ಲೇ ವಾದಕ್ಕಿಳಿದರು. 1938ರಲ್ಲಿ ಮದರಾಸಿನ ಬಳಿಯ ತಾಂಬರಂನಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆದಾಗ ಮದರಾಸಿನ ಕ್ರೈಸ್ತ ಚಿಂತಕ ಪಿ. ಚೆಂಚಯ್ಯ ಮತ್ತು ಸಂಗಡಿಗರು, ಪಶ್ಚಿಮದಿಂದ ಬಂದ ಚರ್ಚಿನ ಈ ಚೌಕಟ್ಟು ಭಾರತಕ್ಕೆ ಬೇಕೇ ಎಂದು ನೇರವಾಗಿ ಕೇಳಿದರು. 1960–70ರ ದಶಕಗಳಲ್ಲಿ ಬೆಂಗಳೂರಿನಲ್ಲಿದ್ದ ದೇವಶಾಸ್ತ್ರಜ್ಞರಾದ ಕೈ ಬಾಗೊ, ಎಂ.ಎಂ. ಥಾಮಸ್ ಇದೇ ಪ್ರಶ್ನೆ ಎತ್ತಿದರು: ಕ್ರಿಸ್ತನನ್ನು ನಂಬಿದವನು ತನ್ನ ಸಮುದಾಯ ಬಿಟ್ಟು ‘ಕ್ರೈಸ್ತರ ಜಾತಿ’ಗೆ ಸೇರಲೇಬೇಕೇ? ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಒಂದು ಬಳಗವಿಲ್ಲದೆ ನಂಬಿಕೆ ನಿಲ್ಲದು ಎಂಬುದು ಅವರ ನಿಲುವು.

ನಮ್ಮ ಒಲವು ನ್ಯೂಬಿಗಿನ್ ಕಡೆಗೆ, ಸ್ವಲ್ಪ ಮಟ್ಟಿಗೆ. ನೊಗ ಬೇಡವೆಂದ ರಮಾಬಾಯಿಯವರೇ ಪುಣೆ ಬಳಿಯ ಕೇಡಗಾವಿನಲ್ಲಿ ಮುಕ್ತಿ ಸದನ ಕಟ್ಟಿದರು. ಅನಾಥರಿಗೆ, ವಿಧವೆಯರಿಗೆ ದಿನವೂ ಅನ್ನ ಹಾಕಬೇಕೆಂದರೆ ಉಗ್ರಾಣ, ಲೆಕ್ಕದ ಪುಸ್ತಕ, ಕೆಲಸದ ಪಾಳಿ ಎಲ್ಲವೂ ಬೇಕು. ಬೇರೆ ಹೊತ್ತಿನ ಪೂಜೆಗೆ ಹೋಗಿ ನೋಡಿ, ಬೆಳಗಿನ ಮೊದಲ ಪೂಜೆಯಲ್ಲಿ ಗುಂಪುಗಾರಿಕೆಗೆ ಪುರುಸೊತ್ತು ಇರುವುದಿಲ್ಲ.

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಹಬ್ಬಕ್ಕೆಂದು, ಗೋಪುರದ ರಿಪೇರಿಗೆಂದು ವಂತಿಗೆ ಎತ್ತಿದರು. ಗೋಪುರ ಹಾಗೇ ಇದೆ. ಲೆಕ್ಕ ಕೇಳಿದವರಿಗೆ ‘ಫಾದರ್ ಮೇಲೆ ನಂಬಿಕೆ ಇಲ್ಲವಾ’ ಎಂಬ ಉತ್ತರ. ಕೇಳುವ ಹಕ್ಕು ನಮಗಿದೆಯೇ? – ಓದುಗರು, ಉಡುಪಿ ಜಿಲ್ಲೆ

ಉತ್ತರ: ಇದೆ, ಅದೂ ಚರ್ಚಿನ ಸ್ವಂತ ಕಾನೂನಿನಲ್ಲೇ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಮೂರು ವಿಧಿಗಳನ್ನು ಬರೆದಿಟ್ಟುಕೊಳ್ಳಿ. ಕ್ಯಾನನ್ 537: ಪ್ರತಿ ಧರ್ಮಕೇಂದ್ರದಲ್ಲೂ ಆರ್ಥಿಕ ಸಮಿತಿ ಇರಲೇಬೇಕು. ಪಾಲನಾ ಮಂಡಳಿಯ ಮಾತು ಬೇರೆ. ಬಿಷಪರು ಬೇಕೆಂದರೆ ಮಾತ್ರ ಅದು ಇರುತ್ತದೆ, ಇದ್ದರೂ ಸಲಹೆ ಕೊಡಬಹುದಷ್ಟೇ (536). ಕ್ಯಾನನ್ 1267: ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು. ಕ್ಯಾನನ್ 1287: ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು. ನಂಬಿಕೆಯ ಮಾತೆತ್ತುವವರಿಗೆ 2 ಕೊರಿಂಥ 8:20–21 ಓದಿ ಹೇಳಿ. ಯೆರೂಸಲೇಮಿನ ಬಡವರಿಗೆಂದು ಎತ್ತಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ, ತನ್ನ ಸಂಗಡಿಗ ತೀತನ ಜೊತೆ ಇನ್ನಿಬ್ಬರನ್ನು ಸೇರಿಸಿದ. ಯಾರೂ ಬೊಟ್ಟು ಮಾಡಬಾರದೆಂಬುದೇ ಕಾರಣ ಎಂದು ಅವನೇ ಬರೆದಿದ್ದಾನೆ.

ಹೆಚ್ಚಿನ ಕಡೆ ನಡೆಯುವುದು ಕಳ್ಳತನವಲ್ಲ, ಅಡ್ಡಾದಿಡ್ಡಿ ಲೆಕ್ಕ. ಪೂಜೆ ಮುಗಿದ ಮೇಲೆ ಕಾಣಿಕೆ ಚೀಲ ಸಕ್ರಿಸ್ತಿಯ (ಪೂಜಾ ಸಾಮಗ್ರಿ ಇಡುವ ಕೋಣೆ) ಮೇಜಿಗೆ ಬರುತ್ತದೆ. ಅಷ್ಟರಲ್ಲಿ ಹೂವಿನವನು ಬಾಗಿಲಲ್ಲಿ ನಿಂತಿರುತ್ತಾನೆ, ಮೈಕಿನವನಿಗೂ ಬಾಕಿ ಇರುತ್ತದೆ. ಚೀಲದಿಂದಲೇ ತೆಗೆದುಕೊಟ್ಟು, ಉಳಿದದ್ದನ್ನು ‘ಈ ವಾರದ ಕಾಣಿಕೆ’ ಎಂದು ಬರೆಯುತ್ತಾರೆ. 8,000 ಬಂದು 1,500 ಖರ್ಚಾದರೆ ಪುಸ್ತಕದಲ್ಲಿ ಕಾಣುವುದು 6,500 ಮಾತ್ರ. ಆದಾಯವೂ ಕಮ್ಮಿ, ಖರ್ಚೂ ಕಮ್ಮಿ, ಎರಡೂ ಸುಳ್ಳು. ಎರಡು ವರ್ಷ ಬಿಟ್ಟು ಯಾರಾದರೂ ಕೇಳಿದರೆ ಉತ್ತರ ಗುರುಗಳ ಬಳಿಯೂ ಇರುವುದಿಲ್ಲ. ಆಗ ಸಿಟ್ಟು ಬರುತ್ತದೆ, ಸಿಟ್ಟು ಕಂಡವರಿಗೆ ಅನುಮಾನ ಬರುತ್ತದೆ.

ಸರಿಯಾದ ಕ್ರಮ ಇಷ್ಟೇ. ಎಣಿಸಲು ಕನಿಷ್ಠ ಇಬ್ಬರು, ಸಾಧ್ಯವಾದರೆ ಮೂವರು ಕೂರಬೇಕು. ಅವರು ಒಂದೇ ಮನೆಯವರಾಗಿರಬಾರದು, ತಿಂಗಳಿಗೊಮ್ಮೆ ಬದಲಾಗಬೇಕು. 500ರ ನೋಟು ಎಷ್ಟು, 200ರದ್ದೆಷ್ಟು, 100ರದ್ದೆಷ್ಟು, ಚಿಲ್ಲರೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಒಂದು ಪ್ರತಿ ಗುರುಗಳಿಗೆ, ಒಂದು ಆರ್ಥಿಕ ಸಮಿತಿಯ ಕಾರ್ಯದರ್ಶಿಗೆ. ಮರುದಿನ ಇಡೀ ಮೊತ್ತ ಬ್ಯಾಂಕಿಗೆ ಹೋಗಬೇಕು. ಸಣ್ಣ ಖರ್ಚಿಗೆ, ಉದಾಹರಣೆಗೆ 5,000 ರೂಪಾಯಿ, ಬೇರೆಯಾಗಿ ಇಟ್ಟು, ಚೀಟಿ ತೋರಿಸಿದಷ್ಟನ್ನೇ ಮತ್ತೆ ತುಂಬಿಸಬೇಕು. ಕಾಣಿಕೆ ಡಬ್ಬಿಗೆ ಎರಡು ಬೀಗ, ಎರಡು ಕೀಲಿ ಇಬ್ಬರ ಬಳಿ. ರಸೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಲಿ. ರದ್ದಾದ ರಸೀದಿಯ ಎರಡೂ ಪ್ರತಿ ಪುಸ್ತಕದಲ್ಲೇ ಉಳಿಯಬೇಕು, ಹರಿದು ಎಸೆಯಬಾರದು. ಗೋಪುರದ ಹಣಕ್ಕೆ ಪ್ರತ್ಯೇಕ ಖಾತೆ, ಅದಾಗದಿದ್ದರೆ ಪ್ರತ್ಯೇಕ ಲೆಡ್ಜರ್ ಪುಟ. ಈಗಿನ ಕಾಲದ ಇನ್ನೊಂದು ಪರೀಕ್ಷೆ: ಬಾಗಿಲಿಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆ ನೋಡಿ. ಧರ್ಮಕೇಂದ್ರದ ಹೆಸರಿನ ಬದಲು ವ್ಯಕ್ತಿಯ ಹೆಸರು ಬಂದರೆ ಅದು ಆ ವಾರವೇ ಸರಿಯಾಗಬೇಕು.

ಕೇಳುವ ರೀತಿಯೂ ಮುಖ್ಯ. ಪೂಜೆ ಬಿಟ್ಟ ಕೂಡಲೇ ಅಂಗಳದಲ್ಲಿ ನಿಂತು ಕೇಳಿದರೆ ಗಲಾಟೆ ಎನಿಸಿಕೊಳ್ಳುತ್ತದೆ. ಗೋಪುರಕ್ಕೆ ಬಂದದ್ದೆಷ್ಟು, ಈಗ ಉಳಿದದ್ದೆಷ್ಟು, ಯಾವ ಖಾತೆಯಲ್ಲಿದೆ ಎಂಬ ಮೂರೇ ಪ್ರಶ್ನೆ ಬರೆದು, ನಾಲ್ಕೈದು ಕುಟುಂಬಗಳು ಸಹಿ ಹಾಕಿ ಗುರುಗಳಿಗೆ ಕೊಡಿ. ವಾಳೆಯ (ಧರ್ಮಕೇಂದ್ರದೊಳಗಿನ ಕುಟುಂಬಗಳ ವಿಭಾಗ) ಗುರಿಕಾರರ, ಅಂದರೆ ಮುಖ್ಯಸ್ಥರ ಮೂಲಕ ಹೋದರೆ ಇನ್ನೂ ಒಳ್ಳೆಯದು. ಒಂದು ಪ್ರತಿ ನಿಮ್ಮಲ್ಲಿರಲಿ. ತಿಂಗಳಾದರೂ ಉತ್ತರವಿಲ್ಲವೆಂದರೆ ಅದೇ ಪತ್ರವನ್ನು ಧರ್ಮಪ್ರಾಂತ್ಯದ (ಬಿಷಪರ ಆಡಳಿತ ವ್ಯಾಪ್ತಿ) ಹಣಕಾಸು ಅಧಿಕಾರಿಗೆ ಕಳಿಸಿ. ಧರ್ಮಕೇಂದ್ರಗಳ ಲೆಕ್ಕ ನೋಡುವ ಹೊಣೆ ಆ ಕಚೇರಿಯದು. ಪತ್ರದಲ್ಲಿ ‘ಕಳ್ಳತನ’ ಎಂಬ ಪದ ಬೇಡ. ಆರೋಪ ಮಾಡಿದರೆ ಉತ್ತರ ವಕೀಲರಿಂದ ಬರುತ್ತದೆ, ಲೆಕ್ಕ ಕೇಳಿದರೆ ಗುಮಾಸ್ತರಿಂದ.

ಪ್ರಶ್ನೆ: ವಂತಿಗೆ ಬಾಕಿ ಇದೆಯೆಂದು ಮಗುವಿನ ದೀಕ್ಷಾಸ್ನಾನ ಮುಂದೂಡಿದ್ದಾರೆ. ಸರಿಯೇ?

ಉತ್ತರ: ತಪ್ಪು. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದು ಎನ್ನುತ್ತದೆ ಕ್ಯಾನನ್ 848. ಅಂತ್ಯಕ್ರಿಯೆಗೂ ಇದೇ ಮಾತು (1181). ಮುಂದೂಡಲು ಬೇರೆ ನ್ಯಾಯವಾದ ಕಾರಣ ಇರಬಹುದು: ಮಗುವನ್ನು ಆ ನಂಬಿಕೆಯಲ್ಲಿ ಬೆಳೆಸುವ ಭರವಸೆಯೇ ಕಾಣದಿದ್ದರೆ, ಅಥವಾ ಜ್ಞಾನಪಿತ ಆಗುವವರಿಗೆ 16 ತುಂಬದೆ, ದೃಢೀಕರಣ ಸಂಸ್ಕಾರ ಆಗದೆ ಇದ್ದರೆ. ವಂತಿಗೆ ಆ ಪಟ್ಟಿಯಲ್ಲಿಲ್ಲ. ಹಾಗಂತ ವಂತಿಗೆ ಕೊಡಬೇಕಾಗಿಲ್ಲ ಎಂದಲ್ಲ, ಚರ್ಚಿನ ಖರ್ಚಿಗೆ ನೆರವಾಗುವುದು ಭಕ್ತರ ಕರ್ತವ್ಯ ಎಂದು 222ನೇ ಕ್ಯಾನನ್ ಇದೆ. ಎರಡನ್ನೂ ಒಂದೇ ಕಿಟಕಿಯಲ್ಲಿ ವಸೂಲಿ ಮಾಡಬಾರದು, ಅಷ್ಟೇ.

ಪ್ರಶ್ನೆ: ಹಳೆಯ ಸಭೆಯ ಕಟ್ಟುಪಾಡು ಬೇಸರವಾಗಿ ಸ್ವತಂತ್ರ ಪ್ರಾರ್ಥನಾ ಕೂಟಕ್ಕೆ ಸೇರಿದ್ದೇವೆ. ಇಲ್ಲಿ ಕಮಿಟಿ ಇಲ್ಲ, ಚುನಾವಣೆ ಇಲ್ಲ, ನೆಮ್ಮದಿ ಇದೆ. ಮಗಳ ಮದುವೆಯನ್ನು ಇಲ್ಲಿನ ಪಾಸ್ಟರ್ ಕೈಯಲ್ಲೇ ಮಾಡಿಸಬೇಕೆಂದಿದ್ದೇವೆ. – ಓದುಗರು, ಹುಬ್ಬಳ್ಳಿ

ಉತ್ತರ: ಮಾಡಿಸುವ ಮುಂಚೆ ಒಂದು ಕಾಗದ ಕೇಳಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ 5ನೇ ಕಲಮು ಯಾರು ಮದುವೆ ನಡೆಸಬಹುದೆಂದು ಹೇಳುತ್ತದೆ. ಬಿಷಪರಿಂದ ಅಭಿಷೇಕ ಪಡೆದವರಿಗೆ (ಕಥೋಲಿಕ ಗುರುಗಳು, ಸಿಎಸ್‌ಐ ಸಭಾಪಾಲಕರು) ಬೇರೆ ಲೈಸೆನ್ಸ್ ಬೇಡ. ಸ್ವತಂತ್ರ ಪಾಸ್ಟರಿಗೆ ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು, ಅದು ರಾಜ್ಯಪತ್ರದಲ್ಲಿ ಪ್ರಕಟವಾಗಿರುತ್ತದೆ. ‘ನಮ್ಮ ಫೆಲೋಶಿಪ್ ರಿಜಿಸ್ಟರ್ ಆಗಿದೆ’ ಎಂಬ ಉತ್ತರ ಸಾಲದು, ಸೊಸೈಟಿ ನೋಂದಣಿ ಬೇರೆ, ವಿವಾಹ ನಡೆಸುವ ಲೈಸೆನ್ಸ್ ಬೇರೆ. ಲೈಸೆನ್ಸ್ ಇಲ್ಲದವರು ಮಾಡಿಸಿದ ಮದುವೆ ಕಾಯ್ದೆಯ ಪ್ರಕಾರ ಅಸಿಂಧು, ಮಾಡಿಸಿದವರಿಗೆ ಜೈಲೂ ಉಂಟು. ಪೆಟ್ಟು ಬೀಳುವುದು ಮದುವೆಯ ದಿನವಲ್ಲ. ಪಾಸ್‌ಪೋರ್ಟಿಗೆ, ಗಂಡನ ಪಿಂಚಣಿಗೆ, ಆಸ್ತಿ ಪಾಲಿಗೆ ಪ್ರಮಾಣಪತ್ರ ಕೇಳಿದಾಗ.

ಈಗಾಗಲೇ ಇಂಥ ಮದುವೆ ಆಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸಿಕೊಳ್ಳಬಹುದು. ಅರ್ಜಿ ಹಾಕುವ ಮೊದಲು ಇಬ್ಬರೂ ಆ ವಿವಾಹಾಧಿಕಾರಿಯ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ಅರ್ಜಿಯ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ.

ನೆಮ್ಮದಿಯ ಬಗ್ಗೆ ಒಂದು ಮಾತು. ಕಮಿಟಿ ಇಲ್ಲದ ಕಡೆ ಅಧಿಕಾರ ಇಲ್ಲ ಎಂದಲ್ಲ, ಒಬ್ಬರ ಕೈಯಲ್ಲೇ ಇದೆ ಎಂದರ್ಥ. ಜಾಗ ಯಾರ ಹೆಸರಿನಲ್ಲಿದೆ, ಪಾಸ್ಟರ್ ತೀರಿಕೊಂಡರೆ ಅದು ಸಭೆಗೋ ಅವರ ಮಕ್ಕಳಿಗೋ, ಪಾಸ್ಟರ್ ತಪ್ಪು ಮಾಡಿದರೆ ದೂರು ಯಾರಿಗೆ? ಈ ಮೂರಕ್ಕೆ ಉತ್ತರ ಇರುವ ಸ್ವತಂತ್ರ ಸಭೆಗಳೂ ಇವೆ. ನಿಮ್ಮದು ಅಂಥದ್ದೇ ಎಂದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಚರ್ಚ್ ನ್ಯಾಯಮಂಡಳಿ ನನ್ನ ಮದುವೆಯನ್ನು ಶೂನ್ಯವೆಂದು ಘೋಷಿಸಿದೆ. ಇನ್ನೊಂದು ಮದುವೆಗೆ ಅಡ್ಡಿ ಇಲ್ಲ ತಾನೆ?

ಉತ್ತರ: ದೊಡ್ಡ ಅಡ್ಡಿ ಇದೆ. ಚರ್ಚಿನ ಆದೇಶ ಚರ್ಚಿನೊಳಗೆ ಮಾತ್ರ. ಸಿವಿಲ್ ಕೋರ್ಟಿನ ಆದೇಶವಿಲ್ಲದೆ ಮರುಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧ. ಚರ್ಚಿನ ತೀರ್ಪಿಗೆ ಕಾನೂನಿನ ಮಾನ್ಯತೆ ಕೊಡಿ ಎಂದು ಕರಾವಳಿಯ ಕ್ಲಾರೆನ್ಸ್ ಪಾಯ್ಸ್ ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರಲ್ಲಿ ತಳ್ಳಿಹಾಕಿತು. ಎರಡೂ ಕಡೆ ಪ್ರಕರಣ ನಡೆಸಬೇಕು, ಬೇರೆ ದಾರಿ ಇಲ್ಲ.

ಪ್ರಶ್ನೆ: ದಶಮಾಂಶ ಕೊಡಬೇಕಾದ್ದು ಪೂರ್ತಿ ಸಂಬಳದ ಮೇಲೋ, ಕೈಗೆ ಬಂದದ್ದರ ಮೇಲೋ?

ಉತ್ತರ: ಹಳೆ ಒಡಂಬಡಿಕೆಯಲ್ಲಿ ಇದು ಬೆಳೆ ಮತ್ತು ದನಕುರಿಯ ಹತ್ತನೇ ಒಂದು ಪಾಲು, ಸಂಬಳದ ಲೆಕ್ಕ ಅಲ್ಲಿಲ್ಲ. ಪ್ರತಿ ಮೂರನೇ ವರ್ಷದ ಪಾಲು ದೇವಾಲಯದ ಸೇವೆಯ ಕುಲದವರಾದ ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರಿಗೂ ಸೇರಬೇಕಿತ್ತು (ಧರ್ಮೋಪದೇಶಕಾಂಡ 14:28–29). ದಶಮಾಂಶವನ್ನೆಲ್ಲ ದೇವರ ಉಗ್ರಾಣಕ್ಕೆ ತನ್ನಿ ಎನ್ನುವ ಮಲಾಕಿ 3:10 ಓದುವ ಬೋಧಕರು ಈ ವಚನ ಓದುವುದು ಅಪರೂಪ! ಹೊಸ ಒಡಂಬಡಿಕೆ ಶೇಕಡಾ ಹೇಳುವುದಿಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿದಷ್ಟು ಕೊಡಿ ಎನ್ನುತ್ತದೆ (2 ಕೊರಿಂಥ 9:7). ಸಾಲ ಮಾಡಿ ಕೊಡಿ ಎಂದು ಎಲ್ಲೂ ಇಲ್ಲ.

ಪ್ರಶ್ನೆ: ಸಿಎಸ್‌ಐ ಸಭೆಯವರು ನಾವು. ನಮ್ಮ ಅಜ್ಜಂದಿರು ಕಟ್ಟಿದ ಚರ್ಚಿನ ಜಾಗದ ಬಗ್ಗೆ ನಮಗೇ ಅಧಿಕಾರ ಇಲ್ಲವಂತೆ. ಚುನಾವಣೆ ಬಂದರೆ ಪಂಚಾಯಿತಿ ಚುನಾವಣೆಗಿಂತ ಕಡೆ. – ಓದುಗರು, ಧಾರವಾಡ

ಉತ್ತರ: ಸಿಎಸ್‌ಐ ಆಸ್ತಿಯನ್ನು ಸಾಮಾನ್ಯವಾಗಿ ಹೊಂದಿರುವುದು ಸ್ಥಳೀಯ ಸಭೆಯಲ್ಲ, 1947ರಲ್ಲಿ ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್. ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಊರಿನ ನಾಲ್ಕು ಜನ ಸೇರಿ ಸ್ಮಶಾನದ ಜಾಗ ಮಾರಿಬಿಡಲು ಆಗುವುದಿಲ್ಲ. ಆದರೆ ದೂರದಲ್ಲಿ ಕೂತವರು ಸಹಿ ಹಾಕಿದರೆ ಊರಿನವರಿಗೆ ಗೊತ್ತಾಗುವುದು ಬೇಲಿ ಬಿದ್ದ ಮೇಲೆ. ಅದಕ್ಕೇ ವರ್ಷಕ್ಕೊಮ್ಮೆ ನಿಮ್ಮ ಚರ್ಚಿನ ಸರ್ವೆ ನಂಬರಿನ ಪಹಣಿ (ಪಟ್ಟಣವಾದರೆ ಆಸ್ತಿ ದಾಖಲೆ) ಮತ್ತು ಋಣಭಾರ ಪ್ರಮಾಣಪತ್ರ ತೆಗೆಸಿ, ಪಾಸ್ಟರೇಟ್ ಕಮಿಟಿಯ ನಡಾವಳಿಗೆ ಲಗತ್ತಿಸಿ. ಖರ್ಚು ಕೆಲವು ನೂರು ರೂಪಾಯಿ.

ಚುನಾವಣೆಯ ಟೀಕೆಗೆ ನಮ್ಮಲ್ಲಿ ಎದುರುತ್ತರ ಕಡಿಮೆ. ಸಿಎಸ್‌ಐನ ಅತ್ಯುನ್ನತ ಆಡಳಿತ ಸಭೆಯಾದ ಸಿನೋಡ್ ಮಟ್ಟದ ಚುನಾವಣೆಯೇ ಮದರಾಸು ಹೈಕೋರ್ಟಿನ ಮೆಟ್ಟಿಲು ಹತ್ತಿದೆ. ಆದರೂ ಮತದಾರರ ಪಟ್ಟಿಯನ್ನು ಎರಡು ತಿಂಗಳು ಮೊದಲೇ ನೋಟಿಸ್ ಬೋರ್ಡಿಗೆ ಹಾಕಿಸಿ, ಸತ್ತವರ ಮತ್ತು ಊರು ಬಿಟ್ಟವರ ಹೆಸರು ತೆಗೆಸಿದರೆ ಅರ್ಧ ಜಗಳ ತಪ್ಪುತ್ತದೆ.

ಪ್ರಶ್ನೆ: ಭಾನುವಾರ ಶಾಲೆಯಲ್ಲಿ ಮಗುವಿಗೆ ಕಿರುಕುಳವಾಗಿದೆ. ‘ಸಭೆಯ ಮರ್ಯಾದೆ ಹೋಗುತ್ತದೆ, ಮತ್ತಾಯ 18ರಂತೆ ಒಳಗೇ ಮಾತಾಡೋಣ’ ಎನ್ನುತ್ತಿದ್ದಾರೆ. – ಹೆಸರು, ಊರು ಬೇಡ

ಉತ್ತರ: ಮತ್ತಾಯ 18:15 ಇಬ್ಬರು ಸಹೋದರರ ನಡುವಿನ ತಪ್ಪಿನ ಬಗ್ಗೆ. ಮಕ್ಕಳಿಗೆ ಎಡವುಗಲ್ಲಾದವನ ಕೊರಳಿಗೆ ಬೀಸುಕಲ್ಲು ಕಟ್ಟುವ ಮಾತು ಅದೇ ಅಧ್ಯಾಯದ 6ನೇ ವಚನ, ಅದನ್ನು ಅವರಿಗೆ ತೋರಿಸಿ. ಇದು ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಮಿನ ಪ್ರಕಾರ, ವಿಷಯ ಗೊತ್ತಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕಥೋಲಿಕರಲ್ಲಿ 2019ರ ಪೋಪರ ಆದೇಶದಂತೆ ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕು. ಆದರೆ ಅದು ಪೊಲೀಸ್ ದೂರಿಗೆ ಬದಲಿ ಅಲ್ಲ, ಬದಲಿ ಎಂದು ಆ ಆದೇಶವೂ ಹೇಳುವುದಿಲ್ಲ.

ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಠಾಣೆಗೆ ಹೋಗಿ. ಮಗುವನ್ನು ಪದೇ ಪದೇ ವಿಚಾರಿಸಬೇಡಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದು ತಾರೀಕು ಹಾಕಿಡಿ. ಆ ದಿನದ ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಡಿ. ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಮನೆಗೇ, ಇಲ್ಲವೇ ಮಗು ಬಯಸಿದ ಜಾಗಕ್ಕೆ ಬರಬೇಕು, ಸಮವಸ್ತ್ರದಲ್ಲಿ ಬರುವಂತಿಲ್ಲ. ರಾಜಿ ಸಭೆಗೆ ಕರೆದರೆ ಹೋಗಬೇಡಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.